ಮೇಸ್ತ್ರಿ ಮಾಮನ ಎಡಹೆಗಲ ಗಂಟು

ಕಳೆದ ವಾರ ಅಕ್ಕಿ ಕೊಳ್ಳಲು ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿದ್ದೆ. ಈಗೆಲ್ಲ ಅಕ್ಕಿ ಬರುವುದು ಬಣ್ಣಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ. ಆದರೆ ಅಂಗಡಿಯವನು ಯಾರಿಗೋ ಬೇಕೆಂದು ಒಳಗಿನಿಂದ ಹೊಸ ಗೋಣಿಚೀಲಗಳ ಕಟ್ಟೊಂದನ್ನು ಎಳೆದು ತಂದು ನನ್ನ ಕಾಲ ಬಳಿಯೇ ದೊಪ್ಪೆಂದು ಹಾಕಿದ. ಎಣ್ಣೆ, ನಾರು, ಧೂಳು ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾವ ಅಕ್ಕಿ ಬೇಕೆಂದು ಬಂದಿದ್ದೆನೋ ಅದೇ ಮರೆತುಹೋಯಿತು. ಸಿರುಗುಪ್ಪದ ನಮ್ಮ ಓಣಿ, ಎದುರುಮನೆಯ ಕಟ್ಟೆ, ಕಟ್ಟೆಯ ಮೇಲೆ ಬನಿಯನ್ ತೊಟ್ಟು ಕೂತ ಮೇಸ್ತ್ರಿ ಮಾಮ...

ಮಾಮ ಎಂದರೆ ನಮಗೇನೂ ಸಂಬಂಧಿಕರಲ್ಲ. ಎದುರುಮನೆಯವರು, ರೈಸ್ ಮಿಲ್ಲಿನ ಹಮಾಲರಿಗೆ ಮೇಸ್ತ್ರಿ. ನಾನು ಆಗ ಬಳ್ಳಾರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ಕೆಲಸ ಆಪರೇಶನ್ನಿನಲ್ಲಿ ತೆಗೆದ ಗಂಟು, ಗಡ್ಡೆಗಳನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಗಾಜಿನ ಮೇಲೆ ಕೂರಿಸಿ, ಡಾಕ್ಟರು ನೋಡಲು ಬಣ್ಣ ಹಾಕಿ ಕೊಡುವುದು. ಅದನ್ನು ಮಾಮನಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದರೆ ತಾನೇ? ಲ್ಯಾಬ್ ಎಂದರೆ ಅವರ ಪಾಲಿಗೆ ಒಂದೇ, ಸೀಸೆಯಲ್ಲಿ ಉಚ್ಚೆ ಹಿಡಿದು ನೋಡುವ ಜಾಗ. ಸಂಜೆ ನಾನು ಬಸ್ಸಿಳಿದು ಬರುವುದು ಕಂಡರೆ ಸಾಕು, ಇಡೀ ಓಣಿಗೆ ಕೇಳುವಂತೆ, "ಉಚ್ಚಿ ಡಾಕ್ಟ್ರಮ್ಮ ಬಂದ್ಲು, ಹಾದಿ ಬಿಡ್ರಪ್ಪೋ!" ಎಂದು ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಕೂಗದಿದ್ದರೆ ಮಾತ್ರ, ಯಾಕೆ ಹುಷಾರಿಲ್ಲವೇನೋ ಎಂದು ನಾನೇ ಇಣುಕಿ ನೋಡುತ್ತಿದ್ದೆ.

ಹಮಾಲರ ಹೆಗಲ ಗಂಟಿನ ಬಗ್ಗೆ ಇಲ್ಲಿ ಹೇಳಲೇಬೇಕು. ವರ್ಷಗಟ್ಟಲೆ ಚೀಲ ಹೊತ್ತವರಿಗೆ ಕುತ್ತಿಗೆಯ ಬುಡದಲ್ಲೋ ಹೆಗಲ ಮೇಲೋ ಒಂದು ದಪ್ಪನೆಯ ಉಬ್ಬು ಏಳುತ್ತದೆ. ಅದು ನೋವಲ್ಲ, ರೋಗವಲ್ಲ. ಮಿಲ್ಲಿನಲ್ಲಿ ಅದು ಒಂದು ಮರ್ಯಾದೆ. ಹೊಸಬನೊಬ್ಬ ಕೆಲಸ ಕೇಳಿಕೊಂಡು ಬಂದರೆ ಮಾಮ ಅವನ ಊರು ಕೇರಿ ಕೇಳುತ್ತಿರಲಿಲ್ಲ. ಅಂಗಿಯೊಳಗೆ ಕೈ ಹಾಕಿ ಹೆಗಲು ಸವರಿ ನೋಡುತ್ತಿದ್ದರು. ಗಂಟು ಸಿಕ್ಕಿತೋ, ಕೆಲಸವೂ ಸಿಕ್ಕಿತು. ಮಾಮನಿಗೂ ಗಂಟಿತ್ತು, ಎಲ್ಲರಿಗಿಂತ ದೊಡ್ಡದು, ಮುಷ್ಟಿಯಷ್ಟು. ಮೇಸ್ತ್ರಿಯ ಗಂಟು ದೊಡ್ಡದಿರದೆ ಇನ್ನಾರದಿರಬೇಕು ಎಂದು ಹಮಾಲರೂ ಅಭಿಮಾನದಿಂದ ಹೇಳುತ್ತಿದ್ದರು.

ನನಗೆ ಹುಟ್ಟಿನಿಂದ ಒಂದು ಚಾಳಿ. ಕಣ್ಣಿಗೆ ಬಿದ್ದದ್ದನ್ನೆಲ್ಲ ಕೆದಕಬೇಕು. ಒಂದು ಭಾನುವಾರ ಮಾಮ ಅಂಗಳದ ನಲ್ಲಿಯ ಕೆಳಗೆ ಸ್ನಾನಕ್ಕೆ ಕೂತಿದ್ದರು. ನಾನು ನಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತ ನೋಡುತ್ತೇನೆ, ಬಲಹೆಗಲ ಮೇಲೆ ಸಣ್ಣ ಗಂಟು, ಎಲ್ಲರಿಗೂ ಇರುವಂಥದ್ದು. ದೊಡ್ಡದು ಇರುವುದು ಎಡಹೆಗಲಲ್ಲಿ, ಅದೂ ಚೀಲ ತಾಗದ ಜಾಗದಲ್ಲಿ, ತೋಳಿನ ಮಾಂಸಖಂಡದ ಒಳಗೆ. ಮಾಮ ಚೀಲ ಹೊತ್ತದ್ದು ಬಲಹೆಗಲ ಮೇಲೆ. ಹೊರುವುದು ಬಿಟ್ಟು ಮೇಸ್ತ್ರಿಯಾಗಿಯೇ ಆರೇಳು ವರ್ಷ ಆಗಿತ್ತು. ಮತ್ತೆ ಈ ಎಡಗಡೆಯದು ಯಾಕೆ ಬೆಳೆಯುತ್ತಿದೆ? ಕೇಳಿಯೇ ಬಿಟ್ಟೆ. ಮಾಮ ತಲೆಗೆ ಸೋಪು ಹಚ್ಚುತ್ತಲೇ ನಕ್ಕರು.

"ಬಲಕಿಂದು ದುಡಿದಿದ್ದು, ಎಡಕಿಂದು ಕುಂತು ತಿಂದಿದ್ದು! ನಿನ್ನ ಸೀಸೆದಾಗ ಇದು ಹಿಡಿಯಂಗಿಲ್ಲ, ನಡಿ ಅತ್ಲಾಗ."

ನಾನೂ ನಕ್ಕು ಸುಮ್ಮನಾದೆ. ಆಗ ನಗಬಾರದಿತ್ತು. ಯಾಕೆಂದರೆ ನನಗೆ ಕಂಡದ್ದು ಅದೊಂದೇ ಅಲ್ಲ. ಬಗ್ಗಿ ಎದ್ದರೆ ಮಾಮನಿಗೆ ಒಂದು ಗಳಿಗೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಗೋಡೆ ಹಿಡಿದು ನಿಲ್ಲುತ್ತಿದ್ದರು. ಎಡಮಗ್ಗುಲಿಗೆ ಮಲಗಿದರೆ ಉಸಿರು ಕಟ್ಟುತ್ತದೆಂದು ಅತ್ತಿ, ಅಂದರೆ ಅವರ ಹೆಂಡತಿ, ಹೇಳಿದ್ದರು. ಇನ್ನು ಮಾಮನ ತುಟಿಯ ಸುತ್ತ, ಕಣ್ಣೆವೆಗಳ ಮೇಲೆ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕಿ. ಅವರ ಒಬ್ಬಳೇ ಮಗಳಿಗೂ ಹಾಗೇ ಇದ್ದವು. ಆಕೆಯನ್ನು ಕುರುಗೋಡಿಗೆ ಕೊಟ್ಟು ಎರಡು ವರ್ಷವಾಗಿತ್ತು; ಹೆಣ್ಣು ನೋಡಲು ಬಂದಾಗ ಆ ಚುಕ್ಕಿಗಳು ಲಕ್ಷಣವೆಂದೇ ಬೀಗರು ಮೆಚ್ಚಿದ್ದರು. ಎಲ್ಲವೂ ನನ್ನ ಕಣ್ಣೆದುರಿಗೇ ಇತ್ತು, ಆದರೆ ಬಿಡಿಬಿಡಿಯಾಗಿ.

ಅದೊಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಿಲ್ಲಿನಲ್ಲಿ ಲಾರಿಗೆ ಚೀಲ ತುಂಬಿಸುತ್ತಿದ್ದಾಗ ಮಾಮನ ಬಾಯಿಂದ ಮಾತು ನಿಂತುಹೋಯಿತು. ಕೂಗಲು ಬಾಯಿ ತೆರೆದರಂತೆ, ಬರೀ ಗೊರಗೊರ ಸದ್ದು. ಬಲಗೈ ಜೋತುಬಿತ್ತು, ಬಲಗಾಲು ಕುಸಿಯಿತು. ಲಕ್ವ ಹೊಡೆದಿದೆ, ಸೊಪ್ಪಿನ ರಸ ಕೊಡುವವರ ಹತ್ತಿರ ಒಯ್ಯೋಣವೆಂದು ಅರ್ಧ ಮಂದಿ, ಬೇಡವೆಂದು ಅರ್ಧ ಮಂದಿ. ಅತ್ತಿ ನನಗೆ ಫೋನ್ ಮಾಡಿದರು. ಸೊಪ್ಪಿನ ರಸ ಬೇಡ, ಇಲ್ಲಿಗೇ ತನ್ನಿ ಎಂದು ನಾನು ಈ ಕಡೆಯಿಂದ ಬಾಯಿಗೆ ಬಂದಂತೆ ಬೈದೆ. ಅಂತೂ ಮಿಲ್ಲಿನ ಜೀಪಿನಲ್ಲೇ ಬಳ್ಳಾರಿಗೆ, ನಮ್ಮ ಆಸ್ಪತ್ರೆಗೇ ಕರೆತಂದರು.

ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಏನೋ ಬಂದು ಸಿಕ್ಕಿಕೊಂಡಿದೆ ಎಂದರು ಡಾಕ್ಟರು. ಅದು ಎಲ್ಲಿಂದ ಬಂತು ಎಂದು ಹುಡುಕುತ್ತ ಮೂರನೆಯ ದಿನ ಹೃದಯದ ಸ್ಕ್ಯಾನ್ ಮಾಡಿದರು. ಬೇಡಿಕೊಂಡು ನಾನೂ ಒಳಗೆ ನಿಂತಿದ್ದೆ. ಪರದೆಯ ಮೇಲೆ ಕಂಡದ್ದನ್ನು ಮರೆಯಲಾರೆ. ಹೃದಯದ ಎಡಗಡೆಯ ಮೇಲಿನ ಕೋಣೆಯಲ್ಲಿ ಒಂದು ಲೋಳೆಯ ಗಡ್ಡೆ ತೊಟ್ಟು ಹಿಡಿದು ಜೋತಾಡುತ್ತಿತ್ತು. ಪ್ರತಿ ಬಡಿತಕ್ಕೂ ಬಾಗಿಲ ಪರದೆ ಗಾಳಿಗೆ ಆಡುವ ಹಾಗೆ ಕೆಳಗಿನ ಕೋಣೆಗೆ ಇಣುಕಿ ಮತ್ತೆ ಹಿಂದಕ್ಕೆ. ಬಗ್ಗಿ ಎದ್ದಾಗ ಕತ್ತಲೆ ಕವಿಯುತ್ತಿದ್ದದ್ದು ಆ ಗಡ್ಡೆ ಎರಡು ಕೋಣೆಗಳ ನಡುವಿನ ಬಾಗಿಲಿಗೆ ಅಡ್ಡ ಬಂದಾಗ. ಅದರದೇ ಒಂದು ಚೂರು ಕಿತ್ತು ಮೆದುಳಿಗೆ ಹೋಗಿತ್ತು.

"ಕ್ಯಾನ್ಸರ್ ಅಲ್ಲ. ಆದ್ರೆ ಕೂತಿರೋ ಜಾಗ ಕೆಟ್ಟದ್ದು. ಬೇಗ ಬೆಂಗಳೂರಿಗೆ ಕರ್ಕೊಂಡ್ಹೋಗಿ ತೆಗೆಸ್ಬೇಕು," ಎಂದರು ಡಾಕ್ಟರು. ಆಮೇಲೆ ಅತ್ತಿಯ ಕಡೆ ತಿರುಗಿ, "ಮೈಮೇಲೆ ಬೇರೆ ಎಲ್ಲಾದ್ರೂ ಗಂಟು ಗಿಂಟು ಇದೆಯೇನಮ್ಮ?" ಎಂದು ಕೇಳಿದರು.

"ಇಲ್ರೀ ಸರ. ಏನೂ ಇಲ್ಲ," ಎಂದರು ಅತ್ತಿ.

ಅತ್ತಿ ಸುಳ್ಳು ಹೇಳಲಿಲ್ಲ. ಜೊತೆಗೆ ಬಂದಿದ್ದ ಮೂವರು ಹಮಾಲರೂ ಇಲ್ಲವೆಂದೇ ತಲೆಯಾಡಿಸಿದರು. ಮುಷ್ಟಿಯಷ್ಟು ಗಂಟು ಕಣ್ಣೆದುರಿಗಿದ್ದರೂ ಅದು ಅವರ ಲೆಕ್ಕದಲ್ಲಿ ಗಂಟೇ ಅಲ್ಲ, ಮೇಸ್ತ್ರಿಯ ಹೆಗಲು! ನಾನು ಮುಂದೆ ಹೋಗಿ ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಡಾಕ್ಟರು ಅದನ್ನು ಒತ್ತಿ ನೋಡಿದರು, ಆಮೇಲೆ ಮಾಮನ ತುಟಿಯನ್ನು ನೋಡಿದರು, ಬಹಳ ಹೊತ್ತು ನೋಡಿದರು.

ಹೆಗಲ ಗಂಟಿನ ಒಂದು ಚೂರು ನನ್ನ ಮೇಜಿಗೇ ಬಂತು. ನಾನೇ ಸೀಳಿದೆ, ನಾನೇ ಬಣ್ಣ ಹಾಕಿದೆ. ಮೊದಲ ಎರಡು ಗಾಜು ಹಾಳಾದವು. ಲ್ಯಾಬಿನ ಡಾಕ್ಟರ್ ಮೇಡಂ ನೋಡಿ, ನನ್ನನ್ನೂ ಕರೆದು ತೋರಿಸಿದರು. ತಿಳಿ ಗಂಜಿಯಂಥ ಲೋಳೆಯ ನಡುವೆ ಅಲ್ಲೊಂದು ಇಲ್ಲೊಂದು ಕಾಲು ಚಾಚಿದ ಸಣ್ಣ ಜೀವಕೋಶಗಳು. ಮಿಕ್ಸೋಮ, ಅಂದರೆ ಲೋಳೆಗಡ್ಡೆ, ಎಂದರು. ಮಾಂಸಖಂಡದಲ್ಲಿ ಇದು ಬಹಳ ಅಪರೂಪ, ಹೃದಯದಲ್ಲಿ ಜೋತಾಡುತ್ತಿರುವುದೂ ಬಹುಶಃ ಇದೇ ಜಾತಿಯದು. ಹೃದಯದ ಚೂರೇ ಹೆಗಲಿಗೆ ಬಂದು ಬೇರೂರಿತೇ ಎಂದು ಕೇಳಿದೆ. ಹಾಗೂ ಆಗುವುದುಂಟಂತೆ. ಆದರೆ ಹೆಗಲಿನದು ಇಷ್ಟು ಹಳೆಯದು, ತುಟಿಯ ಮೇಲೆ ಆ ಚುಕ್ಕಿ ಬೇರೆ. ಕೆಲವು ಮನೆತನಗಳಲ್ಲಿ ಈ ಮೂರೂ ಒಟ್ಟಿಗೆ ರಕ್ತದಲ್ಲೇ ಇಳಿದು ಬರುತ್ತವೆ, ಮಕ್ಕಳಿದ್ದರೆ ನಿಧಾನವಾಗಿ ಅವರ ಹೃದಯವನ್ನೂ ಒಮ್ಮೆ ನೋಡಿಸಲಿ ಎಂದರು. ಬಿಡಿಬಿಡಿಯಾಗಿದ್ದದ್ದೆಲ್ಲ ನನ್ನ ತಲೆಯಲ್ಲಿ ಒಂದಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆ ನನಗೆ ಖುಷಿಯೇ ಆಗಿತ್ತು.

ಆ ಖುಷಿಯಲ್ಲೇ ಹೋಗಿ ಮಾಮನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ವಾರ್ಡಿನಲ್ಲಿ ಆಗ ಅವರ ಮನೆಯವರು ಯಾರೂ ಇರಲಿಲ್ಲ. ನೋಡು ಮಾಮ, ನಾನು ಅವತ್ತೇ ಕೇಳಿರಲಿಲ್ಲವೇ, ಎಡಗಡೆಯದು ಯಾಕೆ ಅಂತ... ಮಗಳ ತುಟಿಯ ಚುಕ್ಕಿಗೂ ಅದೇ ಅರ್ಥ ಇರಬಹುದು ಎಂದೂ ಹೇಳಿದೆ. ಮಾಮನಿಗೆ ಮಾತು ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಮರುದಿನ ಬೆಂಗಳೂರಿಗೆ ಹೊರಡಲು ಗಾಡಿ ಬಂತು. ಮಾಮ ಎಡಗೈಯಿಂದ ಮಂಚದ ಕಬ್ಬಿಣದ ಸರಳು ಹಿಡಿದವರು ಬಿಡಲಿಲ್ಲ. ಇಬ್ಬರು ಹಮಾಲರು ಸೇರಿದರೂ ಬಿಡಿಸಲಾಗಲಿಲ್ಲ. "ಆಪರೇಶನ್ನಿಗೆ ಅಂಜ್ಯಾರವ್ವ," ಎಂದು ಅತ್ತಿ ಅತ್ತರು. ಮಾಮ ನನ್ನನ್ನು ನೋಡಿದರು. ಸರಳು ಬಿಟ್ಟು ಬೆರಳಿನಿಂದ ತಮ್ಮ ತುಟಿ ಮುಟ್ಟಿ, ಬಾಗಿಲ ಕಡೆ ತೋರಿಸಿ, ಮತ್ತೆ ಸರಳು ಹಿಡಿದರು. ಉಳಿದವರಿಗೆ ನೀರು ಕೇಳುತ್ತಿದ್ದಾರೆ ಅನ್ನಿಸಿತು. ನನಗೆ ಮಾತ್ರ ಗೊತ್ತಾಯಿತು, ಆ ತುಟಿ ಮಗಳದು. ತಾನು ಹೋಗಿ ತಿರುಗಿ ಬರದಿದ್ದರೆ ಮಗಳನ್ನು ಯಾರೂ ಕರೆತಂದು ತೋರಿಸುವುದಿಲ್ಲ ಎಂಬುದು ಆ ಮನುಷ್ಯನ ಲೆಕ್ಕ.

ಮಗಳು ಮೊದಲ ದಿನ ಬಂದು ಎರಡು ದಿನ ಇದ್ದು ಹೋಗಿದ್ದಳು; ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹಂಗಾಮು, ಅತ್ತೆಮನೆಯವರು ಕರೆಸಿಕೊಂಡಿದ್ದರು. ಮಾಮ ಹೀಗೆ ಸರಳು ಹಿಡಿದದ್ದು ಯಾಕೆಂದು ಯಾರಿಗೂ ಹೇಳದೆ ನಾನು ಕುರುಗೋಡಿಗೆ ಹೋದೆ. ಗಟ್ಟಿಮುಟ್ಟಾಗಿರುವ ಸೊಸೆಗೆ ಎಂಥ ಸ್ಕ್ಯಾನ್ ಎಂದು ಅವರು. ಡಾಕ್ಟರೇ ಕಡ್ಡಾಯವೆಂದಿದ್ದಾರೆ ಎಂದು ನಾನು ಸುಳ್ಳು ಹೇಳಿದೆ. ಇವತ್ತು, ನಾಳೆ ಎಂದು ನಾಲ್ಕು ದಿನ ಹೋಯಿತು. ಆ ನಾಲ್ಕೂ ದಿನ ಮಾಮ ಸರಳು ಬಿಡಲಿಲ್ಲ. ಕೊನೆಗೆ ಆಕೆ ಬಂದಳು. ಸ್ಕ್ಯಾನಿನಲ್ಲಿ ಆಕೆಯ ಹೃದಯದಲ್ಲೂ ಹುಣಸೆಬೀಜದಷ್ಟು ಒಂದು ಗಡ್ಡೆ ಕಂಡಿತು. ನಾನು ಹೋಗಿ ಮಾಮನ ಕಿವಿಯಲ್ಲಿ, ಸಣ್ಣದಿದೆ, ಬೇಗ ಸಿಕ್ಕಿದೆ, ತೆಗೆಸಬಹುದು ಎಂದೆ. ಕೈ ಸಡಿಲಾಯಿತು.

ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೊರಟರು. ಗಾಡಿ ಚಿತ್ರದುರ್ಗ ತಲುಪುವ ಮೊದಲೇ ಎರಡನೆಯ ಸಲ ಸ್ಟ್ರೋಕ್ ಹೊಡೆಯಿತು. ಮಾಮ ಉಳಿಯಲಿಲ್ಲ.

ಇದಾಗಿ ಹನ್ನೊಂದು ವರ್ಷ. ಮಗಳ ಗಡ್ಡೆಯನ್ನು ಎರಡು ತಿಂಗಳ ನಂತರ ತೆಗೆದರು, ಆಕೆ ಚೆನ್ನಾಗಿದ್ದಾಳೆ. ಮತ್ತೆ ಬೆಳೆಯಬಹುದೆಂದು ವರ್ಷಕ್ಕೊಮ್ಮೆ ನಮ್ಮಲ್ಲಿಗೇ ಸ್ಕ್ಯಾನಿಗೆ ಬರುತ್ತಾಳೆ. ಬಂದಾಗೆಲ್ಲ ಒಂದು ಮಾತು ಹೇಳದೆ ಹೋಗುವವಳಲ್ಲ. "ಅಪ್ಪ ಅಷ್ಟು ಅಂಜಬಾರದಿತ್ತಕ್ಕ. ನಾಕು ದಿನ ಮೊದ್ಲು ಹೋಗಿದ್ರ ಇವತ್ತು ಇರ್ತಿದ್ದ." ನಾನು ಹೂಂ ಎನ್ನುತ್ತಿದ್ದೆ. ಹೇಳಿದರೆ ಆಕೆಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಕಾಯಿಲೆ ಬಿದ್ದು ಮಲಗಿದ ಮನುಷ್ಯನ ಕಿವಿಗೆ ಅಂಥ ಮಾತು ಹಾಕಿದವಳು ನಾನು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರು ಮರುದಿನವೇ ಗಾಡಿ ಹತ್ತುತ್ತಿದ್ದರು. ಆದರೆ ಬಾಯಿ ಮುಚ್ಚಿಕೊಂಡಿದ್ದರೆ ಮಗಳ ಗತಿ ಏನಾಗುತ್ತಿತ್ತು... ಎಷ್ಟು ಕೆದಕಿದರೂ ಇದಕ್ಕೆ ಮಾತ್ರ ನನಗೆ ಉತ್ತರ ಸಿಕ್ಕಿಲ್ಲ.

ಬ್ರೂಸ್‌ಪೇಟೆಯಿಂದ ಬಂದ ಮೂರನೆಯ ದಿನ ಆಕೆ ಬಂದಳು. ಈ ವರ್ಷವೂ ಏನೂ ಇಲ್ಲ, ಹೃದಯ ಶುದ್ಧ. ನಿನ್ನ ಮಗಳನ್ನು ಯಾವಾಗ ಕರೆತರುತ್ತೀ ಎಂದು ಕೇಳಿದೆ. ಹುಡುಗಿಗೆ ಎಂಟು ವರ್ಷ. ಎರಡು ವರ್ಷದಿಂದ ಕೇಳುತ್ತಲೇ ಇದ್ದೇನೆ. ಆಕೆ ಎಂದಿನಂತೆ, ಮನೆಯಲ್ಲಿ ಬೇಡ ಅಂತಾರೆ, ನಾಳೆ ಹುಡುಗಿಗೆ ಗಂಡು ಸಿಗೋದು ಕಷ್ಟ ಆಗುತ್ತೆ, ಇರಲಿ ಬಿಡಕ್ಕ ಎಂದಳು. ಅದೇ ಉಸಿರಿನಲ್ಲಿ ಅಪ್ಪ ಅಂಜಿದ ಮಾತನ್ನೂ ತೆಗೆದಳು.

ನನಗೆ ತಡೆಯಲಾಗಲಿಲ್ಲ. "ಅಂಜಿದ್ದು ನಿಮ್ಮಪ್ಪ ಅಲ್ಲ ತಂಗಿ, ನಾನು," ಎಂದೆ. ಸರಳು ಹಿಡಿದದ್ದು, ತುಟಿ ಮುಟ್ಟಿ ತೋರಿಸಿದ್ದು, ಆ ನಾಲ್ಕು ದಿನ ಯಾರಿಗಾಗಿ ಎಂಬುದು, ಎಲ್ಲವನ್ನೂ ಹೇಳಿದೆ.

ಆಕೆ ಕೈಯಲ್ಲಿದ್ದ ಸ್ಕ್ಯಾನ್ ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ, "ಹನ್ನೊಂದು ವರ್ಷ ನಾನು ನಮ್ಮಪ್ಪನ್ನ ಪುಕ್ಕಲ ಅಂದ್ನಲ್ಲಕ್ಕ. ಊರ ಮಂದಿ ಮುಂದ ಅಂದೆ. ನೀ ಕೇಳ್ಕೊಂತ ಕುಂತಿದ್ದಿ," ಎಂದಳು. ಕೈ ಹಿಡಿಯಲು ಹೋದೆ, ಕೊಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ನಾಳಿ ಸ್ಕ್ಯಾನ್ ಎಷ್ಟೊತ್ತಿಗೆ ಸುರು ಮಾಡ್ತಾರ?"

ಒಂಬತ್ತಕ್ಕೆ ಎಂದೆ. ಮರುದಿನ ಎಂಟೂವರೆಗೇ ತಾಯಿ ಮಗಳು ಬೆಂಚಿನ ಮೇಲೆ ಕೂತಿದ್ದರು. ಆಕೆ ನನ್ನ ಕಡೆ ನೋಡಲಿಲ್ಲ.