ನಮ್ಮ ಅಂಗಡಿ, ಲಂಡನ್ನಿನ ಆ ಅಂಗಡಿ

೨೦೨೦ರ ಬೇಸಿಗೆಯಲ್ಲಿ ಅಮೆರಿಕದ ಡುಲುತ್‌ನ ನಮ್ಮ ಹೊಲಿಗೆ ಅಂಗಡಿಗೆ ಗಿರಾಕಿಗಳು ಬರುವುದು ನಿಂತುಹೋಯಿತು. ಮದುವೆಗಳಿಲ್ಲ, ಆಫೀಸುಗಳಿಲ್ಲ, ಪ್ಯಾಂಟು ಗಿಡ್ಡ ಮಾಡಿಸಿಕೊಂಡು ಯಾರಿಗೆ ಏನಾಗಬೇಕು? ನಾನೂ ನನ್ನ ಪಾಲುದಾರನೂ ಬಾಗಿಲು ಅರ್ಧ ತೆರೆದಿಟ್ಟು ಮಾಸ್ಕು ಹೊಲಿಯುತ್ತ ಕೂತೆವು. ಬಟ್ಟೆ ಕತ್ತರಿಸುವುದು ಅವನ ಕೆಲಸ, ಹೊಲಿಯುವುದು ನನ್ನದು. ಹುಬ್ಬಳ್ಳಿಯಲ್ಲಿ ಒಂದೇ ಅಂಗಡಿಯ ಒಂದೇ ಚಾಪೆಯ ಮೇಲೆ ಕೂತು ಗುಂಡಿಗೆ ಕಾಜಾ ಹಾಕುವುದನ್ನು ಕಲಿತ ಕಾಲದಿಂದಲೂ ಅದು ಹಾಗೇ. ಕತ್ತರಿ ಹಿಡಿಯುವವನು ಬೇರೆ, ಸೂಜಿ ಹಿಡಿಯುವವನು ಬೇರೆ ಎಂದು ನಮ್ಮ ಗುರುಗಳು ಗೆರೆ ಹಾಕಿಬಿಟ್ಟಿದ್ದರು. ಅಮೆರಿಕಕ್ಕೆ ಬಂದು ಇಪ್ಪತ್ತೈದು ವರ್ಷವಾದರೂ ನಾನು ಅವನ ಕತ್ತರಿಯನ್ನು ಮುಟ್ಟಿದವನಲ್ಲ.

ನಾನು ಅವನನ್ನು ಮಾಸ್ತರ ಎನ್ನುತ್ತಿದ್ದೆ. ಅಂಗಡಿಯ ಲೀಸಿಗೆ ಸಹಿ ಮಾಡಿದವನು ನಾನೆಂಬ ಒಂದೇ ಕಾರಣಕ್ಕೆ ಅವನು ನನ್ನನ್ನು ಸಾವಕಾರ ಎಂದು ಹಂಗಿಸುತ್ತಿದ್ದ. ನಾನು ಸೋಮವಾರ ಒಪ್ಪತ್ತು ಇರುವವನು, ಅವನು ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವವನು. ಸೋಮವಾರ ನಾನು ಬರೀ ಚಹಾ ಕುಡಿಯುತ್ತಿದ್ದರೆ ನನ್ನೆದುರಿಗೇ ಬಿಸ್ಕಿಟು ಅದ್ದಿಕೊಂಡು ತಿನ್ನುತ್ತ, "ಸಾವಕಾರ, ನಿಮ್ಮ ದೇವ್ರು ಚಹಾಕ್ಕ ಏನೂ ಅನ್ನಂಗಿಲ್ಲೇನು?" ಎಂದು ಕೇಳುವನು. ರಂಜಾನಿನಲ್ಲಿ ಅವನಿಗೆ ಕಾಣದ ಹಾಗೆ ನಾನು ಕಾರಿನಲ್ಲಿ ಕೂತು ಡಬ್ಬಿ ಮುಗಿಸಿ ಬಂದರೆ, "ಬದನೀಕಾಯಿ ಎಣಗಾಯಿ. ಎಣ್ಣಿ ಸ್ವಲ್ಪ ಜಾಸ್ತಿ ಆಗೇತಿ" ಎಂದು ತಲೆ ಎತ್ತದೆಯೇ ಹೇಳುವನು.

ಅವನ ಮಗಳು ಒಂದು ದಿನದ ದಾರಿ ದೂರದ ಹರ್ನ್‌ಡನ್‌ನಲ್ಲಿ ಕೆಲಸದಲ್ಲಿದ್ದಳು. ಅವಳು ಹತ್ತು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು, ನಮ್ಮ ಮೇಜಿನ ಕೆಳಗೆ ಚಿಂದಿ ಬಟ್ಟೆಯ ಮೇಲೆ ಮಲಗಿ ಹೋಮ್‌ವರ್ಕ್ ಮಾಡಿದವಳು. ಮನೆಯಲ್ಲಿ ಅವರದು ಉರ್ದು, ನನ್ನ ಜೊತೆ ಮಾತ್ರ ಕನ್ನಡ. ಮಾಸ್ಕು ಹೊಲಿಯುವ ಆ ದಿನಗಳಲ್ಲಿ ಅಪ್ಪನಿಗೆ ಬೇಜಾರಾಗದಿರಲಿ ಎಂದು ಒಂದು ಟ್ಯಾಬ್ಲೆಟ್ ಕಳಿಸಿದಳು. ಅದರಲ್ಲಿ ಬಹಳ ಹಳೆಯ, ಬಣ್ಣ ಮಾಸಿದ ಒಂದು ಬ್ರಿಟಿಷ್ ಹಾಸ್ಯ ಧಾರಾವಾಹಿ ಇತ್ತು. ಲಂಡನ್ನಿನ ಒಂದು ದರ್ಜಿ ಅಂಗಡಿ, ಬೇರೆ ಬೇರೆ ಧರ್ಮದ ಇಬ್ಬರು ಪಾಲುದಾರರು, ಬೆಳಗಿನಿಂದ ಸಂಜೆಯ ತನಕ ಜಗಳ.

"ಅಂಕಲ್, ನೀವೂ ಅಬ್ಬಾನೂ ಸೇಮ್ ಟು ಸೇಮ್ ಹೀಗೇ. ನೋಡಿ, ನಗಿ," ಎಂದಳು ಫೋನಿನಲ್ಲಿ.

ನೋಡಿದೆವು. ಅವರ ಇಂಗ್ಲಿಷು ನಮಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಜಗಳ ಮಾತ್ರ ಪೂರ್ತಿ ತಿಳಿಯುತ್ತಿತ್ತು. ಮಾಸ್ತರನಿಗೆ ಕತೆಗಿಂತ ಅವರ ಕಸುಬಿನ ಮೇಲೆ ಕಣ್ಣು. "ಅಂವ ಹಿಡಿದದ್ದು ಕತ್ತರಿನೋ ಇಕ್ಕಳನೋ? ಇಂಥವನ ಕೈಯಾಗ ಸೂಟಿನ ಬಟ್ಟಿ ಕೊಟ್ಟಾರಲ್ಲ," ಎಂದು ಬೈಯುತ್ತ ಬೈಯುತ್ತಲೇ ಮುಂದಿನ ಕಂತು ಹಚ್ಚುವನು. ಮುಗಿದರೆ ಮತ್ತೆ ಮೊದಲಿನಿಂದ. ಅಂಗಡಿ ಮತ್ತೆ ನಡೆಯತೊಡಗಿದ ಮೇಲೂ ಇಸ್ತ್ರಿ ಟೇಬಲ್ಲಿನ ಪಕ್ಕ ಆ ಇಬ್ಬರು ದಿನವಿಡೀ ಕಿತ್ತಾಡುತ್ತಲೇ ಇದ್ದರು.

ಮರುವರ್ಷ ಒಂದು ದಿನ ಮಾಸ್ತರ ಕೇಳಿದ: "ಸಾವಕಾರ, ಆ ಬೂದು ಕೋಟಿನ ಗಿರಾಕಿ ಮತ್ತ ಬಂದಿದ್ನೇನು? ಆ ದಪ್ಪ ಮೀಸಿ ಮನಶ್ಯಾ."

ಅಂಥ ಗಿರಾಕಿ ನಮಗಿರಲಿಲ್ಲ. ಅವನು ಟ್ಯಾಬ್ಲೆಟ್ಟಿನೊಳಗಿನ ಅಂಗಡಿಯ ಗಿರಾಕಿ. ನಾನು ತಮಾಷೆ ಎಂದುಕೊಂಡು, "ಬಂದಿದ್ದ, ತೋಳು ಉದ್ದ ಆತಂತ ಹೇಳಿ ಹೋದ," ಎಂದೆ. ಮಾಸ್ತರ ನಗಲಿಲ್ಲ. ಅಳತೆಯ ಪುಸ್ತಕ ತೆಗೆದು ಆ ಮನುಷ್ಯನ ಹೆಸರು ಹುಡುಕತೊಡಗಿದ. ಅರ್ಧ ತಾಸು ಹುಡುಕಿದ. ನಾನು ಪೆಡಲಿನ ಮೇಲೆ ಕಾಲಿಟ್ಟು ನೋಡುತ್ತ ಕೂತಿದ್ದೆ.

ಅದಾದ ಮೇಲೆ ತಪ್ಪುಗಳು ಶುರುವಾದವು. ಎರಡೂ ಎಡಗೈಯ ತೋಳುಗಳನ್ನೇ ಕತ್ತರಿಸಿರುತ್ತಿದ್ದ, ಕುತ್ತಿಗೆಯ ಅಳತೆಯನ್ನು ಸೊಂಟಕ್ಕೆ ಹಚ್ಚಿರುತ್ತಿದ್ದ. ನಾನು ಬೆಳಿಗ್ಗೆ ಅವನಿಗಿಂತ ಒಂದು ತಾಸು ಮೊದಲೇ ಬಂದು, ಒಳಗೆ ಬಿಟ್ಟ ಹೆಚ್ಚಿನ ಬಟ್ಟೆಯನ್ನು ಬಿಚ್ಚಿ, ಪಟ್ಟಿ ಕೊಟ್ಟು, ಹೇಗೋ ಸರಿಮಾಡಿ ಇಡುತ್ತಿದ್ದೆ. ಅವನು ಬಂದು ಅದನ್ನು ಬೆಳಕಿಗೆ ಹಿಡಿದು ನೋಡಿ, "ನೋಡ್ರಿ ಸಾವಕಾರ, ಹಿಂಗಿರಬೇಕು ಕಟಿಂಗ್," ಎನ್ನುವನು. ಭಾನುವಾರ ಮಗಳು ಫೋನು ಮಾಡಿ, "ಅಬ್ಬಾ ಹೇಗಿದಾರೆ ಅಂಕಲ್?" ಎಂದು ಕೇಳಿದರೆ ನಾನು "ಫೈನ್ ಅದಾನವ್ವ" ಎನ್ನುತ್ತಿದ್ದೆ. ಹೆಂಡತಿ ತೀರಿಹೋದ ಮೇಲೆ ಅವನಿಗಿದ್ದದ್ದು ಅಂಗಡಿ ಒಂದೇ. ನಿಜ ಹೇಳಿದರೆ ಮಗಳು ಅವನನ್ನು ಕರೆದುಕೊಂಡು ಹೋಗುತ್ತಾಳೆ, ಕತ್ತರಿ ಇಲ್ಲದ ಊರಿನಲ್ಲಿ ಅವನು ಏನು ಮಾಡಿಯಾನು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಮದುವೆಗಳು ಮತ್ತೆ ಶುರುವಾದ ವರ್ಷ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಕಡೆಯಿಂದ ಒಬ್ಬ ಹೆಣ್ಣುಮಗಳು ಆರು ತಾಸು ಡ್ರೈವ್ ಮಾಡಿಕೊಂಡು ಬಂದಳು. ಮೈಸೂರಿನವಳು. ತನ್ನ ಮಗಳ ಧಾರೆಗೆಂದು, ತಾಯಿ ಸಾಯುವ ಮೊದಲು ಮೊಮ್ಮಗಳಿಗೆ ತೆಗೆದಿಟ್ಟ ರೇಷ್ಮೆ ಸೀರೆ ತಂದಿದ್ದಳು. ಅದರ ಒಳತುದಿಯಲ್ಲಿ ಸೀರೆಯ ಜೊತೆಗೇ ನೇಯ್ದ ಬ್ಲೌಸ್ ಪೀಸ್ ಇತ್ತು. ಅದನ್ನು ಕತ್ತರಿಸಿ ರವಿಕೆ ಹೊಲಿಯಬೇಕು. ನಾನು ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಮಾಸ್ತರ ಸೀರೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಅಂದವಾಗಿ ಗೆರೆ ಎಳೆದು, ಸೆರಗನ್ನು ಕತ್ತರಿಸಿಬಿಟ್ಟಿದ್ದ. ಇಡೀ ಸೆರಗು. ಜರಿಯ ನಡುವೆ, ಒಂದು ಎಳೆಯೂ ಸೊಟ್ಟಾಗದ ಹಾಗೆ. ಅಷ್ಟು ಚೆಂದದ ಕತ್ತರಿ ಅವನಿಂದ ಒಂದು ವರ್ಷದಲ್ಲಿ ಬಿದ್ದಿರಲಿಲ್ಲ.

ಸೀರೆ ಬಿಟ್ಟು ಪೇಟೆಗೆ ಹೋಗಿದ್ದ ಆಕೆ ಸಂಜೆ ತಿರುಗಿ ಬಂದಾಗ ನಾನು ಎರಡೂ ತುಂಡುಗಳನ್ನು ಆಕೆಯ ಮುಂದೆ ಇಟ್ಟೆ. ಆಕೆ ಬೈಯಲಿಲ್ಲ. ಸೆರಗನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, "ಯಾರು ಕಟ್ ಮಾಡಿದ್ದು?" ಎಂದು ಕೇಳಿದಳು.

ಮಾಸ್ತರ ನನ್ನತ್ತ ಬೆರಳು ತೋರಿಸಿದ. ಸುಳ್ಳು ಹೇಳುತ್ತಿದ್ದಾನೆ ಅನಿಸಲಿಲ್ಲ. ಅವನ ಮುಖದಲ್ಲಿ ನನ್ನ ಬಗ್ಗೆ ಮರುಕವಿತ್ತು. "ವಯಸ್ಸಾಗೇತ್ರಿ ತಂಗಿ ಇಂವಗ. ಸಿಟ್ಟಾಗಬ್ಯಾಡ್ರಿ," ಎಂದ.

"ಹೌದ್ರಿ, ನಾನೇ," ಎಂದೆ ನಾನು.

ಆಕೆ ಎರಡೂ ತುಂಡುಗಳನ್ನು ಒಂದೇ ಚೀಲಕ್ಕೆ ಹಾಕಿಕೊಂಡು ಎದ್ದು ಹೋದಳು. ಅಷ್ಟು ದೂರ ಡ್ರೈವ್ ಮಾಡಬೇಕಲ್ಲ, ಚಹಾ ಆದರೂ ಕುಡಿದು ಹೋಗಿ ಎನ್ನಬೇಕು ಅನಿಸಿತು. ಹೇಗೆ ಅನ್ನುವುದು?

ಆ ಭಾನುವಾರ ಫೋನಿನಲ್ಲಿ ಮಾಸ್ತರ ಮಗಳಿಗೆ ಈ ಕತೆಯನ್ನು ಹೇಳಿದ. ಪಾಪ, ಅಂಕಲ್‌ನ ಕೈ ಕೆಟ್ಟಿದೆ, ಮದುವೆ ಸೀರೆಯ ಸೆರಗನ್ನೇ ಕತ್ತರಿಸಿಬಿಟ್ಟ ಎಂದು. ಮರುದಿನ ಮಧ್ಯಾಹ್ನ ಅಂಗಡಿಯ ಮುಂದೆ ಅವಳ ಕಾರು ನಿಂತಿತ್ತು.

ಅಪ್ಪನನ್ನು ತಬ್ಬಿಕೊಂಡು ಆದ ಮೇಲೆ ನನ್ನ ಮಶೀನಿನ ಪಕ್ಕಕ್ಕೆ ಬಂದಳು. "ಅಂಕಲ್, ನೀವು ಲೈಫಲ್ಲಿ ಒಂದ್ ಸಲನೂ ಅಬ್ಬಾನ ಕತ್ತರಿ ಮುಟ್ಟಿಲ್ಲ. ನಂಗೊತ್ತು. ನಾನು ಈ ಟೇಬಲ್ ಕೆಳಗೇ ಬೆಳ್ದಿದ್ದು."

ನಾನು ದಾರ ಪೋಣಿಸುವವನಂತೆ ತಲೆ ತಗ್ಗಿಸಿದೆ.

ಅವಳು ಅಪ್ಪನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು, ನನಗೂ ಕೇಳಲಿ ಎಂದೇ ಇರಬೇಕು. "ಅಬ್ಬಾ, ಈ ಶಾಪ್ ಓಪನ್ ಮಾಡಿದ್ ದಿನ ಏನಾಯ್ತು? ಹೇಳು."

ಮಾಸ್ತರನಿಗೆ ಕತೆ ಹೇಳು ಎಂದರೆ ಸಾಕು. ಸ್ಟೂಲು ಎಳೆದುಕೊಂಡು ಕೂತ. "ಆವತ್ತು ಎಂಥಾ ಹಿಮಾ ಬಿದ್ದಿತ್ತು ಅಂತಿ. ಹೊರಗ ಕೆಂಪು ಬಸ್ಸು ನಿಂತಿತ್ತು, ಎರಡಂತಸ್ತಿಂದು. ಒಂದ ಕೋಟಿಗೆ ಇಬ್ಬರು ಗಿರಾಕಿ ಬಂದ್ರು. ಒಬ್ಬಂವ ಒಂದ ತೋಳು ಜಗ್ಗತಾನ, ಇನ್ನೊಬ್ಬಂವ ಇನ್ನೊಂದ ತೋಳು ಜಗ್ಗತಾನ. ಈ ನಮ್ಮ ಸಾವಕಾರ ಏನ್ ಮಾಡಿದ ಗೊತ್ತೇನು? ನಡುವ ನಿಂತು ಪ್ರಾರ್ಥನಾ ಚಾಲೂ ಮಾಡಿದ." ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ನನ್ನ ತೊಡೆಗೆ ತಟ್ಟಿ, "ಹೇಳೋ. ಹೌದೋ ಅಲ್ಲೋ?" ಎಂದ.

ಅವಳೂ ನನ್ನನ್ನೇ ನೋಡುತ್ತಿದ್ದಳು, ಟ್ಯಾಬ್ಲೆಟ್ಟಿನ ಆ ಕಂತು ಅವಳಿಗೂ ಗೊತ್ತಿತ್ತು. ಅಲ್ಲ ಎಂದರೆ ಅವನ ಎದುರಿಗೇ ಅವನ ತಲೆ ಕೆಟ್ಟಿದೆ ಎಂದು ಹೇಳಿದಂತೆ. ಹೌದು ಎಂದರೆ ಒಂದು ವರ್ಷದಿಂದ ನಾನು ಅವಳಿಗೆ ಹೇಳುತ್ತ ಬಂದದ್ದೆಲ್ಲ ಇಂಥ ಸುಳ್ಳೇ ಎಂದು ಅವಳಿಗೆ ಗೊತ್ತಾಗುತ್ತದೆ. ಯಾವುದನ್ನು ಹೇಳಿದರೂ ಅವನು ನನ್ನ ಕೈ ತಪ್ಪಿದ್ದ.

"ಹೌದೋ ಮಾಸ್ತರ," ಎಂದೆ. "ಭಾಳ ಹಿಮಾ ಇತ್ತು ಆವತ್ತ."

ಅವಳು ಹೊರಗೆ ನಡೆದಳು. ನಾನೂ ಹಿಂದೆಯೇ ಹೋದೆ. ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಒರಗಿ ನಿಂತು, "ಎಷ್ಟ್ ದಿನದಿಂದ ಅಂಕಲ್?" ಎಂದಳು.

"ವರ್ಷದ ಮ್ಯಾಲಾತು."

"ಪ್ರತಿ ಸಂಡೇ ಕೇಳ್ತಿದ್ದೆ. ಪ್ರತಿ ಸಂಡೇ ಫೈನ್ ಅಂದ್ರಿ. ಬೇಗ ಗೊತ್ತಾಗಿದ್ರೆ ಡಾಕ್ಟರ್ ಏನಾದ್ರೂ ಮಾಡ್ತಿದ್ರೋ ಏನೋ." ಗದರಲಿಲ್ಲ. ಚಿಕ್ಕವಳಿದ್ದಾಗ ಗಣಿತ ಅರ್ಥವಾಗದೆ ನನ್ನ ಮುಖ ನೋಡುತ್ತಿದ್ದಳಲ್ಲ, ಹಾಗೇ ನೋಡಿದಳು.

ಮೂರು ದಿನ ಇದ್ದು ಅವನ ಅಪಾರ್ಟ್‌ಮೆಂಟ್ ಖಾಲಿ ಮಾಡಿದಳು. ಹೊರಡುವ ಬೆಳಿಗ್ಗೆ ಮಾಸ್ತರ ಕಾರು ಹತ್ತಲು ಒಪ್ಪಲಿಲ್ಲ. ನನ್ನ ಮಣಿಕಟ್ಟು ಹಿಡಿದು, "ಸಾವಕಾರ, ನೀ ಹೇಳು ಅಕಿಗೆ. ಗಿರಾಕಿ ಬರೂ ಹೊತ್ತು. ನಾ ಎಲ್ಲೂ ಬರಂಗಿಲ್ಲ," ಎಂದ. ಮಗಳು ಒಮ್ಮೆ ಕರೆದಳು, ಎರಡು ಸಲ ಕರೆದಳು, ಆಮೇಲೆ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟಳು. ಅವನು ಅವಳ ಮಾತು ಕೇಳುವುದಿಲ್ಲ, ನನ್ನ ಮಾತನ್ನು ಕೇಳುತ್ತಾನೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

"ಎರಡ ದಿನ ಅಷ್ಟ. ಅಕಿ ಮನಿ ನೋಡಿಕೊಂಡು ಬಾ. ಅಲ್ಲೀತನ ನಾ ಅಂಗಡಿ ನೋಡಿಕೋತೇನಿ," ಎಂದೆ.

"ಎರಡ ದಿನ ಅಂದ್ರ ಎರಡ ದಿನ ಮತ್ತ," ಎಂದು ಹತ್ತಿ ಕೂತ. ಸೀಟ್ ಬೆಲ್ಟನ್ನು ನಾನೇ ಹಾಕಿದೆ.

ಈಗ ಅಂಗಡಿಯಲ್ಲಿ ಬರೀ ರಿಪೇರಿ ಕೆಲಸ. ಜಿಪ್ಪು, ಹೆಮ್ಮಿಂಗು. ಹೊಸ ಬಟ್ಟೆ ಯಾರಾದರೂ ತಂದರೆ ಬೇರೆ ಅಂಗಡಿ ತೋರಿಸಿ ಕಳಿಸುತ್ತೇನೆ. ಭಾನುವಾರದ ಫೋನು ಮಾತ್ರ ಬರುತ್ತದೆ. ಅವಳು ನೇರ ಅಪ್ಪನ ಮುಂದೆ ಫೋನು ಹಿಡಿಯುತ್ತಾಳೆ.

"ಎರಡ ದಿನ ಆತಲ್ಲೋ ಸಾವಕಾರ. ನನ್ನ ಕರಕೊಂಡು ಹೋಗಾಕ ಯಾವಾಗ ಬರತಿ?" ಎನ್ನುತ್ತಾನೆ ಅವನು.

"ನಾಳೆ," ಎನ್ನುತ್ತೇನೆ. ಅವನು ಒಳಗೆ ಹೋಗಿ ಬೂಟು ಹಾಕಿಕೊಳ್ಳುತ್ತಾನಂತೆ.