ಮಾವನವರು ಆರಿಸಿದ ಮುಳ್ಳು

ಮೊನ್ನೆ ಹುಬ್ಬಳ್ಳಿಯ ದವಾಖಾನೆಯಲ್ಲಿ ನರ್ಸು ನನ್ನ ತೋಳಿಗೆ ಸ್ಪಿರಿಟ್ ಒರೆಸಿದಳು. ಸೂಜಿ ಚುಚ್ಚುವ ಮೊದಲೇ ನಾನು ಗಂಡನ ಮನೆ ಗುಡಗೇರಿ ತಲುಪಿಬಿಟ್ಟಿದ್ದೆ. ಆ ವಾಸನೆಗೆ ನಿಮಗೆ ಕಾಯಿಲೆ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಪಡಸಾಲೆ, ಅಲ್ಲಿ ಸ್ಪಿರಿಟ್ ಅದ್ದಿದ ಅರಳೆಯಿಂದ ರೆಕಾರ್ಡ್ ಪ್ಲೇಯರಿನ ಮುಳ್ಳು ಒರೆಸುತ್ತ ಕೂತ ಮಾವನವರು.

ಎಪ್ಪತ್ತರ ದಶಕದ ಮಾತು. ಮಾವನವರದು ಕಾಳಿನ ವ್ಯಾಪಾರ. ಸಂತೆಯಲ್ಲಿ ದನಿಯೆತ್ತಿ ಮಾತಾಡುವವರು, ಹಾಡು ಕೇಳುವಾಗ ಮಾತ್ರ ಉಸಿರೂ ಸಪ್ಪಳವಾಗದಂತೆ ಕೂರುತ್ತಿದ್ದರು. ಗೆಳೆಯರೊಬ್ಬರು ಊರು ಬಿಡುವಾಗ ಕೊಟ್ಟ ಹಾಡಿನ ದೊಡ್ಡ ತಟ್ಟೆಗಳು, ಎಲ್.ಪಿ. ರೆಕಾರ್ಡುಗಳು, ಮನೆಯಲ್ಲಿದ್ದವು; ಚಾವಿ ಕೊಡುವ ಹಳೆಯ ಗ್ರಾಮೋಫೋನಿನಲ್ಲಿ ಅವು ಹಾಡುತ್ತಿರಲಿಲ್ಲ. ಅಷ್ಟರಲ್ಲಿ ಮಾವನವರ ಕಿವಿಯೂ ಮಂದವಾಗತೊಡಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ನಾನು ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ತವರುಮನೆ ಅಣ್ಣಿಗೇರಿಯಲ್ಲಿ ಸಂಗೀತ ಕಲಿತಿದ್ದೆ. ಲಗ್ನವಾದ ಮೇಲೆ ಹಾಡಬೇಡ ಎಂದು ಯಾರೂ ಅನ್ನಲಿಲ್ಲ, ಹಾಡು ಅಂತಲೂ ಅನ್ನಲಿಲ್ಲ. ನನ್ನ ಸಂಗೀತವೆಲ್ಲ ರೊಟ್ಟಿ ಬಡಿಯುವ ತಾಳಕ್ಕೆ ಬಂದು ನಿಂತಿತ್ತು.

ಒಂದು ಮುಂಜಾನೆ ಮಾವನವರು, "ಯವ್ವಾ, ಹುಬ್ಬಳ್ಳಿಗೆ ಹೋಗೂಣು. ಮಷಿನ್ ಆರಸೂದೈತಿ, ನಿನ್ನ ಕಿವಿ ಬೇಕು" ಅಂದರು.

"ಆಕಿಗೇನ್ ತಿಳೀತೈತಿ?" ಅಂದರು ಅತ್ತೆ.

"ತಿಳೀತೈತಿ." ಮಾವನವರು ಆಗಲೇ ಟೊಪ್ಪಿಗೆ ಹುಡುಕುತ್ತಿದ್ದರು.

ಅಂಗಡಿಯವನು ಎರಡು ಯಂತ್ರ ತೋರಿಸಿದ. ಬಹಳ ತುಟ್ಟಿಯೂ ಅಲ್ಲ, ಅಗ್ಗವೂ ಅಲ್ಲ. ಒಂದರ ಮುಚ್ಚಳದಲ್ಲೇ ಸ್ಪೀಕರು. ದನಿ ಬೀದಿಗೆ ಕೇಳಿಸುವಂಥದು, ಆದರೆ ಮುಳ್ಳು ತಟ್ಟೆಯ ಮೇಲೆ ಭಾರವಾಗಿ ಕೂರುತ್ತಿತ್ತು. ಇನ್ನೊಂದಕ್ಕೆ ಸ್ಪೀಕರು ಬೇರೆ. ಮುಳ್ಳು ಹಿಡಿದ ಕಾರ್ಟ್ರಿಜ್ ಹಗುರ, ತಟ್ಟೆ ಸವೆಯುವುದಿಲ್ಲ; ದನಿ ಮಾತ್ರ ಮೆತ್ತಗೆ. ಮಾವನವರು ಮನೆಯಿಂದ ತಂದ ತಟ್ಟೆಯನ್ನೇ ಎರಡರಲ್ಲೂ ಹಾಕಿಸಿದರು.

"ಏನೇನ್ ಕೇಳಸ್ತೈತಿ ಹೇಳು."

ಆ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು ಹೇಳಿದೆ: "ಮೊದಲಿನದರಾಗ ಹಾಡೋರ ದನಿ ಅಷ್ಟ ಕೇಳಸ್ತೈತ್ರಿ. ಇದರಾಗ ಹಿಂದಿನ ತಂಬೂರಿನೂ ಐತಿ. ಅವರು ಉಸುರು ತಗೊಳ್ಳೂದೂ ಕೇಳಸ್ತೈತ್ರಿ."

ಮಾವನವರು ಎರಡನೆಯದರ ಸ್ಪೀಕರಿಗೆ ಕಿವಿ ಹಚ್ಚಿ ಬಹಳ ಹೊತ್ತು ಬಗ್ಗಿ ನಿಂತರು. ಆಮೇಲೆ ನೆಟ್ಟಗಾಗಿ, "ನನಗ ತಂಬೂರಿ ಇಲ್ಲ" ಅಂದರು.

ಯಾಕಾದರೂ ಹೇಳಿದೆನೋ ಅನ್ನಿಸಿತು. "ಮೊದಲಿನದ ತಗೊಳ್ಳೂಣ್ರಿ, ಮಾವಾರ. ನಿಮಗ ಚೊಲೋ ಕೇಳಸ್ತೈತಿ." ಅಂಗಡಿಯವನೂ ಅದನ್ನೇ ಅಂದ.

"ನನ್ನ ಕಿವಿ ಇನ್ನ ಎಷ್ಟ ದಿನದ್ದು. ತಟ್ಟಿ ಸವದ ಹೋದ್ರ ಆಮ್ಯಾಲೆ ನೀ ಏನ್ ಕೇಳ್ತಿ?"

ಹಗುರ ಮುಳ್ಳಿನದನ್ನೇ ಕಟ್ಟಿಸಿದರು. ರೈಲಿನಲ್ಲಿ ನಾನು ಪೆಟ್ಟಿಗೆ ಅಪ್ಪಿಕೊಂಡಿದ್ದ ರೀತಿ ನೋಡಿ ಜನ ಬಾಣಂತಿಗೆ ಕೊಟ್ಟಂತೆ ಜಾಗ ಕೊಟ್ಟರು.

ಮುಂದೆ ಅವರಿಗೆ ಕಿವಿಯ ಬಳಿ ಜೋರಾಗಿ ಆಡಿದ ಮಾತಷ್ಟೇ ಉಳಿಯಿತು. ಆದರೂ ಸಂಜೆ ಮುಳ್ಳು ಒರೆಸಿ, ತಟ್ಟೆ ಹಾಕಿ ನನ್ನನ್ನು ಕರೆಯುತ್ತಿದ್ದರು. ಅತ್ತೆ ಗೊಣಗುತ್ತಲೇ ಒಲೆಯ ಮುಂದೆ ಕೂರುತ್ತಿದ್ದರು. ನಾನು ಬಾಗಿ ವರದಿ ಒಪ್ಪಿಸುತ್ತಿದ್ದೆ: "ಸಾರಂಗಿ ಬಂತ್ರಿ." "ಮ್ಯಾಲಿನ ‘ಸಾ’ಕ್ಕ ಹೋದ್ರು."

ಒಂದು ಸಂಜೆ ಅವರು, "ಹ್ಯಾಂಗ ಹೋದ್ರು?" ಅಂದರು.

ಅದನ್ನು ಮಾತಿನಲ್ಲಿ ಹೇಳುವುದು ಹೇಗೆ? ಅವರ ಕಿವಿಯ ಬಳಿ ಹಾಡಿಬಿಟ್ಟೆ. ದನಿ ಒಡೆಯಿತು, ಮೇಲಿನ ‘ಸಾ’ ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯ ಕೈ ನಿಂತಿತು. ಮಾವನವರು ಕಣ್ಣು ಮುಚ್ಚಿದ್ದರು. "ಇನ್ನೊಮ್ಮೆ," ಅಂದರು. ಎರಡನೆಯ ಸಲ ಮುಟ್ಟಿತು. ಅವರಿಗೆ ಎಷ್ಟು ಕೇಳಿಸಿತೋ ನನಗೆ ಗೊತ್ತಿಲ್ಲ. ಅಂದಿನಿಂದ ಅವರು ಇರುವ ತನಕ ನಾನು ಹಾಡಿದೆ. ಆಮೇಲೆ ಮತ್ತೆ ಬಿಟ್ಟುಹೋಯಿತು.

ಮೊನ್ನೆ ದವಾಖಾನೆಯಿಂದ ಮರಳುವಾಗ ಬಸ್ಸಿನಲ್ಲಿ ಯಾರದೋ ಫೋನು ಹಾಡುತ್ತಿತ್ತು. ನನಗೇ ಅರಿವಿಲ್ಲದೆ ಬಾಜೂಕಿನ ಅಪರಿಚಿತ ಹೆಣ್ಣುಮಗಳ ಕಡೆ ಬಾಗಿ, "ಈಗ ತಬಲಾ ನಿಂತಿತು, ನೋಡ್ರಿ" ಅಂದೆ.

ಆಕೆ ನನ್ನನ್ನೊಮ್ಮೆ ನೋಡಿದಳು. ಸ್ವಲ್ಪ ಹೊತ್ತು ಕಿವಿಗೊಟ್ಟಳು.

"ಹೌದ್ರಿ," ಅಂದಳು, "ನಿಂತಿತು."