ಬಿಸಿಲೇರಿದ ಮೇಲೆ ಹೊಲಕ್ಕೆ ಹೋಗುವವನು

ಮೊದಲು ಬೆಳ್ಳಗಾದದ್ದು ಕಿರುಬೆರಳು.

ಕಡಲೆ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ನವಲಗುಂದದ ಕಡೆ ಹುಳಿ ಹಿಡಿಯುತ್ತಾರೆ. ಸೂರ್ಯ ಹುಟ್ಟುವ ಮೊದಲು ತೆಳ್ಳನೆಯ ಅರಿವೆಯನ್ನು ಕಡಲೆ ಗಿಡಗಳ ಮೇಲೆ ಎಳೆಯಬೇಕು. ಗಿಡದ ಹುಳಿ ಇಬ್ಬನಿಯೊಡನೆ ಅರಿವೆಗೆ ಇಳಿಯುತ್ತದೆ. ಅದನ್ನು ಹಿಂಡಿ ಬಾಟಲಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಹೊಟ್ಟೆನೋವಿಗೆ ಔಷಧ. ಶಾಲೆ ಬಿಟ್ಟು ಹೊಲಕ್ಕೆ ಇಳಿದಾಗಿನಿಂದ ನಮ್ಮ ಮನೆಯಲ್ಲಿ ಹುಳಿ ಹಿಡಿಯುವವನು ನಾನೇ. ಆ ದಿನ ಅರಿವೆ ಹಿಂಡುತ್ತಿದ್ದಾಗ ಬಾಜು ಹೊಲದ ದಾವಲಸಾಬ ಬದುವಿನ ಮೇಲೆ ನಿಂತು ನೋಡಿದ.

“ಏನಲೇ ಬಸ್ಯಾ, ಸುಣ್ಣದ ಡಬ್ಬ್ಯಾಗ ಕೈ ಅದ್ದೀಯೇನು?”

ನೋಡಿಕೊಂಡೆ. ಬೆರಳು ನಿಜವಾಗಿಯೂ ಸುಣ್ಣದಂತಾಗಿದ್ದವು. ಚಿವುಟಿದೆ. ಬೇರೆ ಯಾರದೋ ಕೈ ಚಿವುಟಿದಂತಿತ್ತು.

ಮನೆಗೆ ಬಂದವನೇ ಒಲೆಯ ಮುಂದೆ ಕುಳಿತೆ. ಥಂಡಿಗೆ ಬೆಂಕಿ ಬಿಟ್ಟರೆ ಬೇರೆ ಮದ್ದು ನಮಗೆಲ್ಲಿ ಗೊತ್ತು? ಬೆರಳು ಹಿಡಿದೆ. ಬಿಸಿ ತಾಗಲಿಲ್ಲ. ಇನ್ನೂ ಹತ್ತಿರ ಒಯ್ದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಂಗವ್ವ ಕೈ ನಿಲ್ಲಿಸಿದಳು.

“ಏನ್ರೀ ಅದು, ಏನೋ ಸುಟ್ಟ ನಾತ ಬರಾಕತ್ತೈತಿ?”

ಸುಡುತ್ತಿದ್ದದ್ದು ನನ್ನ ಬೆರಳು.

ಬೊಬ್ಬೆ ಎದ್ದು ಒಡೆಯಿತು. ಮಾಯಲಿಲ್ಲ. ತುದಿ ಕಪ್ಪಾಗತೊಡಗಿದಾಗ ತಮ್ಮ ಶಿವಪ್ಪ ಬೈಕಿನ ಹಿಂದೆ ಕೂಡಿಸಿಕೊಂಡು ಹುಬ್ಬಳ್ಳಿಗೆ ಕರೆದೊಯ್ದ. ಬ್ಲಡ್ ಟೆಸ್ಟ್ ಆಯಿತು, ಸ್ಕ್ಯಾನ್ ಆಯಿತು. ಡಾಕ್ಟರಮ್ಮ ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

“ರೇನಾಡ್ಸ್ ಅಂತಾರ್ರಿ ಇದಕ್ಕ. ಥಂಡಿ ತಾಗಿದ ಕೂಡಲೆ ಬೆರಳಿನ ರಕ್ತನಾಳ ಬಿಗೀತಾವ. ರಕ್ತ ಹೋಗೂದಿಲ್ಲ. ಬೀಡಿ ಸೇದ್ತೀರೇನು?”

“ಸೇದ್ತೀನ್ರಿ.”

“ಸೇದ್ತಿದ್ದೆ ಅನ್ನರಿ. ಇನ್ನೊಮ್ಮೆ ಹಿಂಗ ಮಾಡ್ಕೊಂಡು ಬಂದ್ರ ಬೆರಳಿನ ತುದಿ ತೆಗೀಬೇಕಾಗ್ತದ.”

ಮರಳಿ ಬರುವಾಗ ಶಿವಪ್ಪ ಗಾಡಿ ಹೊಡೆಯುತ್ತಲೇ ಹೇಳಿದ, “ಅಣ್ಣಾ, ಬರೂ ವರ್ಷ ನಿನ್ನ ಹೊಲ ಲಾವಣಿಗಿ ಹಾಕಿಬಿಡೂಣು. ನಿನ್ನ ಕೈಲೆ ಇನ್ನ ಆಗೂದಿಲ್ಲ.”

“ಗಾಡಿ ನಿಂದರಸು,” ಎಂದೆ.

ನಿಲ್ಲಿಸಿದ. ಇಳಿದೆ. ಉಳಿದ ದಾರಿ ಬಸ್ಸಿಗೆ ಬಂದೆ. ನನ್ನ ಹೊಲ ಗುತ್ತಿಗೆ ಹಿಡಿದು ಮಾಡಲು ನಾನು ಬದುಕಿರುವಾಗ ಇನ್ನೊಬ್ಬ ಯಾಕೆ ಬೇಕು? ಕೈಗೆ ರೋಗ ಬಂದಿತ್ತು, ನನಗೆ ಬಂದಿರಲಿಲ್ಲ. ಹಾಗೆಂದೇ ತಿಳಿದಿದ್ದೆ.

ಗುಳಿಗೆ ನುಂಗಿದೆ. ಬೀಡಿ ಬಿಟ್ಟೆ. ಉಲ್ಲನ್ ಗ್ಲೌಸ್ ತಂದೆ. ಒಂದು ಮುಂಜಾನೆ ಊರ ತುಂಬ ಮಂಜು ಕವಿದಿತ್ತು. ಶಿವಪ್ಪ ಫೋನು ನೋಡಿ, “ಇವತ್ತ ನಿನ್ನೆಗಿಂತ ಥಂಡಿ ಕಡಿಮಿ ಐತಿ,” ಎಂದ. ಧೈರ್ಯ ಮಾಡಿ ಎಮ್ಮೆಗೆ ಮೇವು ಕೊಯ್ಯಲು ಜೋಳದ ಹೊಲ ಹೊಕ್ಕೆ. ಎಲೆಯ ನೀರಿಗೆ ಗ್ಲೌಸ್ ತೊಯ್ದು ತೊಪ್ಪೆಯಾಯಿತು. ಬೆರಳು ಬೆಳ್ಳಗಾದವು, ಆಮೇಲೆ ನೀಲಿಯಾದವು. ಒಂದೆರಡು ದಿನ ಬಿಟ್ಟು ಆಕಾಶ ತಿಳಿಯಾಯಿತು. ಫೋನಿನಲ್ಲಿ ಥಂಡಿ ಅಂದಿಗಿಂತ ಹೆಚ್ಚಿತ್ತು, ಆದರೆ ಒಣ ಹವೆ, ಒಳ್ಳೆಯ ಬಿಸಿಲು. ಅದೇ ಬೆರಳು ಕೆಂಪಗೇ ಉಳಿದವು.

ಇದೇನಿದು ಎಂದು ಮುಂದಿನ ಸಲ ಡಾಕ್ಟರಮ್ಮನನ್ನು ಕೇಳಿದೆ. ಅವರು ನಕ್ಕರು.

“ಫೋನು ಗಾಳಿ ಥಂಡಿ ಹೇಳ್ತದ್ರಿ, ನಿಮ್ಮ ಕೈ ಥಂಡಿ ಹೇಳೂದಿಲ್ಲ. ಹಸಿ ಅರಿವಿ ಮೈಯಾಗಿನ ಬಿಸಿ ಜಲ್ದಿ ಕಸಗೋತದ. ಮಂಜಿನ್ಯಾಗ ಬಿಸಲೂ ಇಲ್ಲ. ಬಿಸಲು ನೆಟ್ಟಗ ಮೈಮ್ಯಾಲ ಬಿದ್ರ, ಗಾಳಿ ಥಂಡಿ ಇದ್ರೂ ಚರ್ಮ ಬೆಚ್ಚಗಾಗ್ತದ. ನೀವು ಒಣಗಿರ್ರಿ, ಬಿಸಲಾಗ ಇರ್ರಿ.”

ಹೇಳುವುದು ಸುಲಭ. ಆದರೆ ಕಡಲೆ ಕೀಳುವ ಕಾಲ ಬಂದಿತ್ತು. ಕಡಲೆಯನ್ನು ಇಬ್ಬನಿ ಇದ್ದಾಗಲೇ ಕೀಳಬೇಕು. ಬಿಸಿಲೇರಿದರೆ ಕಾಯಿ ಒಡೆದು ಕಾಳು ನೆಲಕ್ಕೆ ಬೀಳುತ್ತದೆ. ಬೆಳೆಗೆ ಹಸಿ ಬೇಕು, ನನ್ನ ಕೈಗೆ ಬಿಸಿಲು ಬೇಕು. ಬಿಸಿಲೇರಿದ ಮೇಲೆ ಹೊಲಕ್ಕೆ ಹೋಗುವ ಗಂಡಸನ್ನು ನಮ್ಮೂರಲ್ಲಿ ಮೈಗಳ್ಳ ಎನ್ನುತ್ತಾರೆ. ನಾನೂ ಎಷ್ಟೋ ಮಂದಿಗೆ ಅಂದಿದ್ದೇನೆ.

ಗಂಗವ್ವ ಆಳು ಕರೆದುಕೊಂಡು ನಸುಕಿನಲ್ಲೇ ಹೋದಳು. ನಾನು ಕಟ್ಟೆಯ ಮೇಲೆ ಕುಳಿತೆ. ಒಲೆಯಲ್ಲಿ ಸುಟ್ಟದ್ದು ನೋಯಲಿಲ್ಲ, ಇದು ನೋಯಿತು.

ಇಬ್ಬನಿ ಆರಿದ ಮೇಲೆ ಒಣ ಗ್ಲೌಸ್ ಹಾಕಿಕೊಂಡು, ಊರ ನಡುವಿನ ದಾರಿಯಲ್ಲೇ, ಎಲ್ಲರಿಗೂ ಕಾಣುವಂತೆ ನಡೆದು ಹೋದೆ. ದಾವಲಸಾಬ ಬಿಡುತ್ತಾನೆಯೇ?

“ಬಂದ್ರು ನೋಡ್ರಪಾ ಸಾಹೇಬ್ರು, ಆಫೀಸ್ ಟೈಮಿಗೆ!”

“ಹೌದಲೇ,” ಎಂದು ಸೂರ್ಯನ ಕಡೆ ಕೈ ಮಾಡಿದೆ. “ನಮ್ಮ ಸಾಹೇಬ ಬಂದ ಮ್ಯಾಲ ನನ್ನ ಡ್ಯೂಟಿ.”

ಹೆಣ್ಣಾಳುಗಳು ನಕ್ಕರು. ಗಂಗವ್ವ ಸೆರಗು ಬಾಯಿಗೆ ಹಿಡಿದಳು. ಕೀಳುವ ಹೊತ್ತು ಮುಗಿದಿತ್ತು, ಆಳುಗಳು ಮನೆಗೆ ಹೊರಟರು. ನಾನು ಉಳಿದ ಸಾಲು ಹಿಡಿದೆ. ಕಾಯಿ ಚಟಚಟ ಒಡೆದವು. ಅಷ್ಟರಲ್ಲಿ ಶಿವಪ್ಪ ಬಂದ.

“ಅಣ್ಣಾ, ಕಾಳು ಉದರಾಕತ್ತಾವು. ಬಿಡೋ.”

“ಉದರಲಿ, ಹೆಕ್ಕತೀನಿ. ಬೆರಳು ಉದರಿದ್ರ ಹೆಕ್ಕಾಕ ಬರತೈತೇನು?”

ಅವನು ಪ್ಯಾಂಟು ಮಡಚಿ, ಕುಕ್ಕರಗಾಲಿನಲ್ಲಿ ಕುಳಿತು ಕಾಳು ಹೆಕ್ಕತೊಡಗಿದ.

ರೋಗ ಹೋಗಿಲ್ಲ. ಇದು ಜೀವ ಇರುವ ತನಕ ಎಂದಿದ್ದಾರೆ ಡಾಕ್ಟರಮ್ಮ. ಅವರ ಗುಳಿಗೆಗೂ ಬುದ್ಧಿಮಾತಿಗೂ ನಾನು ಋಣಿ. ಕಿರುಬೆರಳ ತುದಿ ಸ್ವಲ್ಪ ಸೊಟ್ಟಾಗಿದೆ, ಆದರೆ ಹತ್ತೂ ಬೆರಳು ಇವೆ. ಈ ಸಲದ ಬಿತ್ತನೆಗೂ ಕೂರಿಗೆ ಹಿಡಿಯುವವನು ನಾನೇ. ಲಾವಣಿಯ ಮಾತು ಮನೆಯಲ್ಲಿ ಯಾರೂ ಎತ್ತಿಲ್ಲ.

ಎತ್ತಲಿ, ನೋಡೋಣ.